ದು ಫು ಕವಿತೆಗಳ ಆರು ಸಂಪುಟ, ಪುಕ್ಕಟೆ: ಕೈಗೆ ಬರುವುದೆಷ್ಟು, ಬಿಟ್ಟುಹೋಗುವುದೆಷ್ಟು

ಚೀನೀ ಭಾಷೆ ಬಾರದೆ ಚೀನೀ ಕಾವ್ಯದೊಳಗೆ ಇಳಿಯಬೇಕೆನ್ನುವವರಿಗೆ ಇವತ್ತು ಸಿಗುವ ಅತಿ ದೊಡ್ಡ ಗಂಟು ಸ್ಟೀಫನ್ ಓವೆನ್ ಅನುವಾದಿಸಿದ ‘ದ ಪೊಯೆಟ್ರಿ ಆಫ್ ದು ಫು’. ಡಿ ಗ್ರೂಯ್ಟರ್ ಪ್ರಕಾಶನ 2016ರಲ್ಲಿ ತಂದ ಆರು ಸಂಪುಟಗಳಿವು. ತಾಂಗ್ ಕಾಲದ ಕವಿ ದು ಫು (712–770) ಬರೆದದ್ದರಲ್ಲಿ ಉಳಿದಿರುವ ಸುಮಾರು 1,400 ಕವಿತೆಗಳೂ ಇದರಲ್ಲಿವೆ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್, ಸಾಲಿಗೆ ಸಾಲು. ಅಚ್ಚಿನ ಸೆಟ್ಟಿಗೆ ದುಡ್ಡು ಸುರಿಯಬೇಕು, ಪಿಡಿಎಫ್‌ಗೆ ಒಂದು ಪೈಸೆಯೂ ಬೇಡ. ಮೆಲನ್ ಪ್ರತಿಷ್ಠಾನದ ನೆರವಿನಿಂದಾಗಿ ಪ್ರಕಾಶಕರ ಜಾಲತಾಣದಲ್ಲೇ ಆರೂ ಸಂಪುಟ ಮುಕ್ತವಾಗಿ ಇಳಿಸಿಕೊಳ್ಳಲು ಸಿಗುತ್ತವೆ, ಖಾತೆ ತೆರೆಯುವ ರಗಳೆಯೂ ಇಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಹೊಗಳುತ್ತಿಲ್ಲ. ದುಡ್ಡು ಕೊಟ್ಟರೂ ಇಂಗ್ಲಿಷಿನಲ್ಲಿ ಇಡೀ ದು ಫು ಇನ್ನೆಲ್ಲೂ ಸಿಗುತ್ತಿರಲಿಲ್ಲ.

ಆದರೆ ಇದೊಂದನ್ನೇ ಹಿಡಿದು ಕೂತರೆ ಅರ್ಧ ದು ಫು ಮಾತ್ರ ಸಿಗುತ್ತಾನೆ. ಅರ್ಥದ ಅರ್ಧ ಪೂರ್ತಿ ಇದೆ, ನಾದದ ಅರ್ಧ ಒಂಚೂರೂ ಇಲ್ಲ. ಮೂಲದ ಅಕ್ಷರಗಳ ಕೆಳಗೆ ಉಚ್ಚಾರ ಕೊಟ್ಟಿಲ್ಲ, ಯಾವ ಪದಕ್ಕೆ ಯಾವ ಅರ್ಥ ಎಂದು ಬಿಡಿಸಿಲ್ಲ, ಛಂದಸ್ಸಿನ ಗುರುತು ಹಾಕಿಲ್ಲ. ಅಡಿಟಿಪ್ಪಣಿ ಇದೆ, ಬಹಳ ಮಿತ. ಅಕ್ಷರ ಓದಲು ಬರುವ ವಿದ್ಯಾರ್ಥಿಗೆ ಇಷ್ಟು ಸಾಕು. ಬಾರದವರಿಗೆ ಎಡಪುಟ ಬರೀ ಚಿತ್ರ.

ಈ ಕೊರತೆ ಎಷ್ಟು ದೊಡ್ಡದು ಎಂಬುದು ಒಂದು ಕವಿತೆಯನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ. ‘ಛುನ್ ವಾಂಗ್’, ಅಂದರೆ ವಸಂತದ ನೋಟ. ಅರಸನ ವಿರುದ್ಧ ಬಂಡೆದ್ದ ಸೇನಾನಿ ಆನ್ ಲುಶಾನನ ದಂಗೆಕೋರರು ರಾಜಧಾನಿ ಛಾಂಗ್‌ಆನ್ ಹಿಡಿದುಕೊಂಡಿದ್ದಾಗ, 757ರ ವಸಂತದಲ್ಲಿ, ಊರೊಳಗೇ ಸಿಕ್ಕಿಕೊಂಡಿದ್ದ ದು ಫು ಬರೆದದ್ದು. ಎಂಟು ಸಾಲು, ಸಾಲಿಗೆ ಐದು ಅಕ್ಷರ, ಒಟ್ಟು ನಲವತ್ತೇ ಅಕ್ಷರ. ಮೊದಲ ಜೋಡಿ ಸಾಲು ಪದಕ್ಕೆ ಪದ ಹೀಗಿದೆ: ನಾಡು–ಒಡೆ–ಬೆಟ್ಟ–ನದಿ–ಇರು, ಪಟ್ಟಣ–ವಸಂತ–ಹುಲ್ಲು–ಮರ–ದಟ್ಟ. ಮೊದಲ ಸಾಲಿನ ನಾಡಿನ ಎದುರು ಎರಡನೆಯದರಲ್ಲಿ ಪಟ್ಟಣ, ಬೆಟ್ಟ–ನದಿಯ ಎದುರು ಹುಲ್ಲು–ಮರ, ‘ಇರು’ ಎಂಬುದರ ಎದುರು ‘ದಟ್ಟ’. ಒಂದೊಂದು ಸ್ಥಾನದಲ್ಲೂ ಜೋಡಿ ಕೂತಿದೆ. ಎಂಟು ಸಾಲಿನ ಈ ಕಟ್ಟುಬಂಧದಲ್ಲಿ ನಡುವಿನ ಎರಡು ಜೋಡಿಗಳು ಹೀಗೆ ಸರಿಸಾಟಿಯಾಗಿ ನಿಲ್ಲಲೇಬೇಕು. ದು ಫು ಇಲ್ಲಿ ಕೇಳದಿದ್ದ ಕಡೆಯೂ, ಮೊದಲ ಜೋಡಿಯಲ್ಲೇ, ಅದನ್ನು ಮಾಡಿಬಿಟ್ಟಿದ್ದಾನೆ. ಓವೆನ್ ಅನುವಾದದಲ್ಲಿ ಈ ಜೋಡಿಯ ನೆರಳು ಕಾಣುತ್ತದೆ, ಏಕೆಂದರೆ ಆತ ಸಾಲುಗಳನ್ನು ಕದಲಿಸುವುದಿಲ್ಲ. ಆದರೆ ಯಾವ ಅಕ್ಷರ ಯಾವುದಕ್ಕೆ ಜೋಡಿ ಎಂದು ಬೆರಳಿಟ್ಟು ತೋರಿಸುವವರು ಬೇರೆ ಬೇಕು.

ಅದಕ್ಕೆ ಇರುವ ಪುಸ್ತಕ ಡೇವಿಡ್ ಹಾಕ್ಸ್ ಬರೆದ ‘ಎ ಲಿಟಲ್ ಪ್ರೈಮರ್ ಆಫ್ ತು ಫು’ (ತು ಫು ಎಂದರೆ ದು ಫುವೇ, ಹಳೆಯ ಕಾಗುಣಿತ). ಆಕ್ಸ್‌ಫರ್ಡ್ 1967ರಲ್ಲಿ ತಂದದ್ದು, ಆಮೇಲೆ ಮರುಮುದ್ರಣಗಳೂ ಆಗಿವೆ. ಕವಿತೆಗಳು ಮೂವತ್ತೈದೇ. ಆದರೆ ಒಂದೊಂದಕ್ಕೂ ಮೂಲ, ಅಕ್ಷರದಡಿ ಉಚ್ಚಾರ, ಹಿನ್ನೆಲೆ, ಛಂದಸ್ಸಿನ ವಿವರ, ಪದಪದದ ಅರ್ಥ, ಕೊನೆಗೆ ಸಾದಾ ಗದ್ಯದಲ್ಲಿ ಅನುವಾದ. ಪ್ರತಿಪದಾರ್ಥ, ಅನ್ವಯ, ತಾತ್ಪರ್ಯ ಹಾಕಿದ ಹಳೆಗನ್ನಡದ ಪಠ್ಯಪುಸ್ತಕ ಕಂಡವರಿಗೆ ಈ ಏರ್ಪಾಟು ಅಪರಿಚಿತವೇನಲ್ಲ. ಮೊದಲ ಹತ್ತು ಕವಿತೆಗಳನ್ನು ಹಾಕ್ಸ್ ಕೈಹಿಡಿದು ಓದಿ, ಆಮೇಲೆ ಓವೆನ್‌ಗೆ ಹೋಗಬೇಕು. ಅಡಿಮೇಲು ಮಾಡಿದರೆ ಮೊದಲ ಸಂಪುಟದ ನಲವತ್ತನೇ ಪುಟದಲ್ಲೇ ಆಕಳಿಕೆ ಶುರು. ಯೌವನದ ಕವಿತೆಗಳಲ್ಲಿ ಅಧಿಕಾರಿಗಳನ್ನು ಹೊಗಳುವ ಪದ್ಯಗಳು ಸಾಕಷ್ಟಿವೆ.

ಹಾಕ್ಸ್ ಪುಸ್ತಕಕ್ಕೂ ಒಂದು ದೊಡ್ಡ ಮಿತಿ. ಅದರ ಮೂವತ್ತೈದು ಕವಿತೆಗಳೂ ‘ತಾಂಗ್ ಕಾಲದ ಮುನ್ನೂರು ಕವಿತೆಗಳು’ ಎಂಬ ಜನಪ್ರಿಯ ಸಂಕಲನದಿಂದ ಆರಿಸಿದವು. ಸುನ್ ಝು ಎಂಬ ಅಧಿಕಾರಿ 1763ರ ಸುಮಾರಿಗೆ ಮಕ್ಕಳ ಓದಿಗೆಂದು ಕೂಡಿಸಿದ ಸಂಕಲನ ಅದು. ಶರತ್ಕಾಲದ ಎಂಟು ಕವಿತೆಗಳ ಮಾಲೆ ‘ಛಿಯು ಶಿಂಗ್’ ಅದರಲ್ಲಿಲ್ಲ. ಬಲವಂತದ ಸೇನಾಭರ್ತಿಯನ್ನು ಕುರಿತ 759ರ ಆರು ಕವಿತೆಗಳಿಲ್ಲ. ಗಾಳಿಗೆ ಹಾರಿಹೋದ ಹುಲ್ಲುಚಾವಣಿಯ ಹಾಡಿಲ್ಲ. ದು ಫು ಹೊಸದಾಗಿ ಏನು ಮಾಡಿದ ಎಂದು ಕೇಳಿದರೆ ಮೊದಲು ತೋರಿಸಬೇಕಾದವೇ ಅದರಲ್ಲಿಲ್ಲ. ಓವೆನ್ ಸೆಟ್ಟಿನ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ.

ಆರು ಸಂಪುಟಗಳ ಕ್ರಮ ಛಿಂಗ್ ಕಾಲದ ವ್ಯಾಖ್ಯಾನಕಾರ ಛಿಯು ಝಾವ್‌ಆವ್‌ನ ಆವೃತ್ತಿಯದು, ಹೆಚ್ಚುಕಡಿಮೆ ಕಾಲಾನುಕ್ರಮ. ಹಾಗಾಗಿ ವಸ್ತು ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಆಗಿನ ಕಾವ್ಯಕ್ಕೆ ಸಿದ್ಧ ವಿಷಯಗಳಿದ್ದವು: ಗೆಳೆಯನ ಬೀಳ್ಕೊಡುಗೆ, ಗಡಿಯ ಕಾವಲು, ಅರಮನೆಯ ಹೆಣ್ಣಿನ ಒಂಟಿತನ, ಬೆಟ್ಟದ ಮೇಲಿನ ಗುಡಿ. ಮೊದಲ ಸಂಪುಟದಲ್ಲಿ ಇವೇ ಹೆಚ್ಚು. ಮುಂದೆ ಹೋದಂತೆ ಕವಿತೆಯೊಳಗೆ ಮನೆಯ ಸಾಮಾನು ನುಗ್ಗುತ್ತದೆ. ಮಗನಿಗೆ ಕೋಳಿಗೂಡು ಕಟ್ಟಲು ಅವಸರಪಡಿಸುವ ಕವಿತೆ, ನೀರಿನ ಬಿದಿರುಕೊಳವೆ ರಿಪೇರಿ ಮಾಡಿ ಬಂದ ಆಳನ್ನು ಕುರಿತ ಕವಿತೆ, ಎಲೆಯ ರಸ ಹಾಕಿ ನಾದಿದ ತಣ್ಣನೆಯ ಶಾವಿಗೆಯ ಕವಿತೆ. ಮಾರಲು ಕಟ್ಟಿಹಾಕಿದ ಕೋಳಿಗಳದ್ದೂ ಒಂದಿದೆ: ಹುಳ ತಿನ್ನುತ್ತವೆಂದು ಮನೆಯವರು ಕೋಳಿಗಳನ್ನು ಮಾರಹೊರಟರೆ, ಮಾರಿದ ಮೇಲೆ ಅವು ಬೇಯುವ ಮಡಕೆಯ ಚಿಂತೆ ಕವಿಗೆ. ಹುಳವೋ ಕೋಳಿಯೋ ಎಂದು ತೀರ್ಮಾನಿಸಲಾಗದೆ ನದಿ ನೋಡುತ್ತ ನಿಲ್ಲುತ್ತಾನೆ. ಇಂಥದ್ದಕ್ಕೆ ಅದಕ್ಕೆ ಮುಂಚಿನ ಗಂಭೀರ ಕಾವ್ಯದಲ್ಲಿ ಜಾಗವೇ ಇರಲಿಲ್ಲ ಎನ್ನಬೇಕು.

ಚಾವಣಿಯ ಹಾಡು 761ರದು, ಛಂಗ್ದುವಿನ ಹುಲ್ಲುಮನೆಯಲ್ಲಿ ಬರೆದದ್ದು. ಗಾಳಿ ಹುಲ್ಲಿನ ಹೊದಿಕೆಯನ್ನು ಕಿತ್ತೊಯ್ಯುತ್ತದೆ. ದಕ್ಷಿಣದ ಕೇರಿಯ ಹುಡುಗರು ಅದನ್ನು ಕದ್ದು ಬಿದಿರ ಮೆಳೆಗೆ ಓಡುತ್ತಾರೆ. ಹಳೆಯ ಹೊದಿಕೆ ಕಬ್ಬಿಣದಷ್ಟು ತಣ್ಣಗೆ, ನಿದ್ದೆಯಲ್ಲಿ ಮಗು ಒದ್ದೂ ಒದ್ದೂ ಅದರ ಒಳಬಟ್ಟೆ ಹರಿದಿದೆ. ಕೊನೆಗೆ ಕವಿ ಲಕ್ಷಾಂತರ ಕೋಣೆಗಳ ಮನೆಯೊಂದು ಇದ್ದಿದ್ದರೆ ಲೋಕದ ಬಡಪಾಯಿಗಳೆಲ್ಲ ಬೆಚ್ಚಗಿರುತ್ತಿದ್ದರು ಎಂದು ಹಂಬಲಿಸುತ್ತಾನೆ. ಈ ಹಂಬಲದ ಕಡೆಗೇ ಎಲ್ಲರೂ ಬೆರಳು ತೋರಿಸುತ್ತಾರೆ. ಕಟ್ಟನ್ನೂ ನೋಡಿ. ಏಳು ಅಕ್ಷರದ ನಡಿಗೆಯಲ್ಲಿ ಬರುತ್ತಿದ್ದ ಸಾಲು ‘ಬಡಪಾಯಿಗಳೆಲ್ಲ ನಗುವಂತೆ’ ಎಂಬಲ್ಲಿಗೆ ಬಂದಾಗ ಒಂಬತ್ತಕ್ಕೆ ಹಿಗ್ಗುತ್ತದೆ, ಮನೆಯೇ ದೊಡ್ಡದಾದ ಹಾಗೆ. ಓವೆನ್ ಪುಟದಲ್ಲಿ ಇದನ್ನು ಹಿಡಿಯಲು ಚೀನೀ ಬರಬೇಕಿಲ್ಲ. ಎಡಪುಟದ ಅಕ್ಷರ ಎಣಿಸಿದರೆ ಸಾಕು. ಒಂದು ಚೌಕ, ಒಂದು ಅಕ್ಷರ, ಒಂದು ಉಚ್ಚಾರ.

ಪದಗಳ ಜಾಗ ಬದಲಿಸುವುದರಲ್ಲೂ ದು ಫು ಹಿಂದೆ ಮುಂದೆ ನೋಡಿದವನಲ್ಲ. ‘ಛಿಯು ಶಿಂಗ್’ ಮಾಲೆಯ ಎಂಟನೆಯ ಕವಿತೆಯ ಒಂದು ಸಾಲು ಇದ್ದ ಕ್ರಮದಲ್ಲೇ: ಪರಿಮಳ–ಭತ್ತ–ಕುಕ್ಕು–ಉಳಿ–ಗಿಳಿ–ಕಾಳು. ಗಿಳಿ ಕುಕ್ಕಿ ಉಳಿಸಿದ ಪರಿಮಳದ ಭತ್ತದ ಕಾಳು ಎನ್ನುವುದು ಸಹಜ. ಇಲ್ಲಿ ಭತ್ತ ಮುಂದೆ, ಗಿಳಿ ಹಿಂದೆ, ಭತ್ತವೇ ಕುಕ್ಕಿದಂತೆ. ಚೀನೀ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯವಿಲ್ಲ, ಯಾರು ಯಾರನ್ನು ಎಂದು ಹೇಳುವುದು ಸ್ಥಾನ ಮಾತ್ರ. ಸ್ಥಾನ ಕೆಡಿಸಿದರೆ ಅರ್ಥವೇ ಅಲ್ಲಾಡುತ್ತದೆ. ‘ಅನ್ನು’, ‘ಇಂದ’ ಅಂಟಿಸಿಕೊಂಡು ಪದ ಎಲ್ಲಿ ಬೇಕಾದರೂ ಕೂರುವ ಕನ್ನಡಕ್ಕೆ ತಂದಾಗ ಈ ಧಕ್ಕೆ ತಾನಾಗಿ ಮಾಯವಾಗುತ್ತದೆ. ಇಂಗ್ಲಿಷಿನಲ್ಲೂ ಸರಿಪಡಿಸಿಯೇ ಹೇಳಬೇಕು. ಈ ಸಾಲಿನ ಮೊದಲ ಪದಕ್ಕೆ ಪಾಠಾಂತರಗಳೂ ಇವೆ, ಬೇರೆ ಕಡೆ ಬೇರೆ ಅಕ್ಷರ ಕಂಡರೆ ಮುದ್ರಣದೋಷ ಎಂದುಕೊಳ್ಳಬೇಡಿ.

ಇನ್ನು ನಾದ. ಚೀನೀಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸ್ವರ, ಅಂದರೆ ಉಚ್ಚರಿಸುವಾಗಿನ ದನಿಯ ಏರಿಳಿತ. ತಾಂಗ್ ಕಾಲದ ಕಟ್ಟುಬಂಧಕ್ಕೆ ಅಕ್ಷರಗಳು ಎರಡೇ ಜಾತಿ: ಸಮ ಸ್ವರದ ‘ಪಿಂಗ್’, ಬಾಗಿದ ಅಥವಾ ಮೊಟಕಾದ ಸ್ವರದ ‘ತ್ಸ’. ನಮ್ಮ ಲಘು–ಗುರು ನೆನಪಾದರೆ ತಪ್ಪಿಲ್ಲ. ಐದನೇ ಶತಮಾನದ ಕೊನೆಯಲ್ಲಿ ಕವಿ ಶೆನ್ ಯುವೆ ಮತ್ತು ಅವನ ಜೊತೆಗಾರರು ಸ್ವರಗಳನ್ನು ಕಾವ್ಯದ ನಿಯಮಕ್ಕೆ ತಂದದ್ದಕ್ಕೆ ಬೌದ್ಧ ಗ್ರಂಥಗಳ ಜೊತೆ ಬಂದ ಸಂಸ್ಕೃತ ಛಂದಸ್ಸಿನ ಅರಿವೇ ಕಾರಣ ಎಂದು ವಿದ್ವಾಂಸರಾದ ವಿಕ್ಟರ್ ಮೇರ್ ಮತ್ತು ತ್ಸು–ಲಿನ್ ಮೇಯ್ 1991ರ ಪ್ರಬಂಧದಲ್ಲಿ ವಾದಿಸಿದರು. ಒಪ್ಪದವರೂ ಇದ್ದಾರೆ. ಒಪ್ಪಲಿ ಬಿಡಲಿ, ಪ್ರಸ್ತಾರ ಹಾಕಿ ಅಭ್ಯಾಸವಿರುವ ಕನ್ನಡ ಓದುಗರಿಗೆ ಈ ಲೆಕ್ಕ ಬೇಗ ಹಿಡಿಯುತ್ತದೆ.

ಲೆಕ್ಕ ಹಾಕಲು ಸುಲಭ ದಾರಿ, ಪ್ರತಿ ಸಾಲಿನ ಎರಡನೇ ಅಕ್ಷರವನ್ನು ಮಾತ್ರ ನೋಡುವುದು. ‘ಛುನ್ ವಾಂಗ್’ನ ಎಂಟು ಸಾಲುಗಳಲ್ಲಿ ಅವು ಕ್ರಮವಾಗಿ ಪೊ, ಛುನ್, ಶಿ, ಬಿಯೆ, ಹುವೊ, ಶು, ತೌ, ಯು. ಸ್ವರದ ಲೆಕ್ಕ: ತ್ಸ, ಪಿಂಗ್, ಪಿಂಗ್, ತ್ಸ, ತ್ಸ, ಪಿಂಗ್, ಪಿಂಗ್, ತ್ಸ. ಒಂದು ಜೋಡಿಯೊಳಗೆ ವಿರುದ್ಧ, ಒಂದು ಜೋಡಿಯಿಂದ ಮುಂದಿನ ಜೋಡಿಗೆ ದಾಟುವಾಗ ಒಂದೇ. ಸರಪಳಿ ಎಲ್ಲೂ ಕಡಿದಿಲ್ಲ.

ಈಗಿನ ಶಿಷ್ಟ ಚೀನೀಯಾದ ಮ್ಯಾಂಡರಿನ್ ಉಚ್ಚಾರ ಹಿಡಿದು ಎಣಿಸಿದರೆ ಮಾತ್ರ ನಾಲ್ಕನೆಯದರಲ್ಲಿ ಕಡಿಯುತ್ತದೆ. ‘ಬಿಯೆ’ (ಅಗಲಿಕೆ) ಇವತ್ತು ಮ್ಯಾಂಡರಿನ್‌ನ ನಾಲ್ಕು ಸ್ವರಗಳಲ್ಲಿ ಎರಡನೆಯದು, ಲೆಕ್ಕಕ್ಕೆ ಪಿಂಗ್. ದು ಫು ಕಾಲದಲ್ಲಿ ಅದು ‘ತ್’ ಎಂದು ಥಟ್ಟನೆ ನಿಲ್ಲುತ್ತಿದ್ದ ಅಕ್ಷರ, ಆದ್ದರಿಂದ ತ್ಸ. ‘ಕ್’, ‘ತ್’, ‘ಪ್’ಗಳಲ್ಲಿ ಮುಗಿಯುತ್ತಿದ್ದ ಇಂಥ ಅಕ್ಷರಗಳು ಮ್ಯಾಂಡರಿನ್‌ನಲ್ಲಿ ಬಾಲ ಕಳೆದುಕೊಂಡು ಬೇರೆ ಸ್ವರಗಳಲ್ಲಿ ಹಂಚಿಹೋಗಿವೆ. ಇದೇ ಕವಿತೆಯ ಮೊದಲ ಅಕ್ಷರ ‘ಗುವೊ’ (ನಾಡು), ಏಳನೇ ಸಾಲಿನ ಮೊದಲಿನ ‘ಬಾಯ್’ (ಬಿಳಿ) ಕೂಡ ಹಾಗೆಯೇ. ಅವು ಸಾಲಿನ ಮೊದಲಲ್ಲಿ, ನಿಯಮ ಸಡಿಲ ಇರುವ ಜಾಗದಲ್ಲಿ ಕೂತಿದ್ದರಿಂದ ಲೆಕ್ಕ ಕೆಡುವುದಿಲ್ಲ. ಅಂತ್ಯಪ್ರಾಸದ ಗತಿಯೂ ಇಷ್ಟೇ: ಶನ್, ಶಿನ್, ಜಿನ್ ಹೊಂದುತ್ತವೆ, ಕೊನೆಯ ‘ತ್ಸಾನ್’ (ಕೂದಲಿಗೆ ಸಿಕ್ಕಿಸುವ ಕಡ್ಡಿ) ಹೊಂದುವುದಿಲ್ಲ. ಆಗ ನಾಲ್ಕೂ ‘ಮ್’ನಲ್ಲಿ ಮುಗಿಯುತ್ತಿದ್ದವು. ದಕ್ಷಿಣ ಚೀನಾದ ಕ್ಯಾಂಟನೀಸ್‌ನಲ್ಲಿ ಈಗಲೂ ಮುಗಿಯುತ್ತವೆ. ಅಂತರ್ಜಾಲದಲ್ಲಿ ಹಳೆಯ ಕವಿತೆಗಳನ್ನು ಕೇಳುವುದಾದರೆ ಮ್ಯಾಂಡರಿನ್ ವಾಚನದ ಜೊತೆ ಕ್ಯಾಂಟನೀಸ್‌ನದೊಂದನ್ನೂ ಹುಡುಕಿ. ಹಾಡಿನ ಮೂಳೆ ಅಲ್ಲಿ ಕೇಳಿಸುತ್ತದೆ.

ಪ್ರತಿ ಅಕ್ಷರಕ್ಕೂ ಇದನ್ನು ನೆನಪಿಟ್ಟುಕೊಳ್ಳುವುದು ಯಾರ ಕೈಲೂ ಆಗದು. ಅದಕ್ಕೆ ‘ಸೌ ಯುನ್’ ಎಂಬ ಚೀನೀ ಜಾಲತಾಣವಿದೆ. ಕವಿತೆ ಅಂಟಿಸಿದರೆ 106 ಪ್ರಾಸವರ್ಗಗಳ ಹಳೆಯ ‘ಪಿಂಗ್‌ಶುಯ್’ ಕೋಷ್ಟಕದ ಪ್ರಕಾರ ಪರಿಶೀಲಿಸಿ, ಸ್ವರ ತಪ್ಪಿದ ಜಾಗ ತೋರಿಸುತ್ತದೆ. ಮುಖಪುಟ ಪೂರ್ತಿ ಚೀನೀಯಲ್ಲಿದೆ. ಬ್ರೌಸರ್‌ನ ಅನುವಾದ ಚಾಲೂ ಮಾಡಿದರೆ ಮೆನು ಜೊತೆ ಕವಿತೆಯನ್ನೂ ತರ್ಜುಮೆ ಮಾಡಿ ಗಲೀಜು ಮಾಡುತ್ತದೆ. ಗುಂಡಿಗಳ ಜಾಗ ಗುರುತಿಟ್ಟುಕೊಂಡು ಅನುವಾದ ನಿಲ್ಲಿಸುವುದೇ ಸರಿ. ಎರಡು ಉಚ್ಚಾರವಿರುವ ಅಕ್ಷರಗಳಲ್ಲಿ ಯಂತ್ರವನ್ನು ಪೂರ್ತಿ ನಂಬಬೇಡಿ. ‘ಛುನ್ ವಾಂಗ್’ನ ಕೊನೆಯ ಸಾಲಿನ ನಾಲ್ಕನೇ ಅಕ್ಷರ ‘ತಾಳು, ಹೊರು’ ಎಂಬ ಅರ್ಥದಲ್ಲಿ ಸಮ ಸ್ವರದ ‘ಶಂಗ್’. ಓದಿ ಹೇಳುವ ಆ್ಯಪ್‌ಗಳು ಈಗಿನ ರೂಢಿಯಂತೆ ಇಳಿಸ್ವರದಲ್ಲಿ ಹೇಳಿ ಸಾಲು ಮುರಿಯುತ್ತವೆ.

ನಿಘಂಟಿಗೆ ಪ್ಲೆಕೊ ಆ್ಯಪ್. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ, ಮೂಲ ಆ್ಯಪ್ ಉಚಿತ. ಆದರೆ ಅದರೊಡನೆ ಬರುವ ಉಚಿತ ನಿಘಂಟು ಇವತ್ತಿನ ಭಾಷೆಯದು, ಹಳೆಯ ಕವಿತೆಗೆ ಬಳಸಿದರೆ ನೇರ ಹಳ್ಳಕ್ಕೆ. 759ರ ಒಂದು ಕವಿತೆಯಲ್ಲಿ ರಾತ್ರಿ ಗಂಡಸರನ್ನು ಹಿಡಿಯಲು ಅಧಿಕಾರಿ ಬಂದಾಗ ಮುದುಕನೊಬ್ಬ ಗೋಡೆ ಹಾರಿ ‘ತ್ಸೌ’. ಈಗಿನ ನಿಘಂಟು ತ್ಸೌ ಅಂದರೆ ‘ನಡೆ’ ಎನ್ನುತ್ತದೆ. ಗೋಡೆ ಹಾರಿದವನು ನಿಧಾನ ನಡೆದುಹೋದನೇ? ಆಗಿನ ಅರ್ಥ ‘ಓಡು’. ಪಾಲ್ ಕ್ರೋಲ್ ಅವರ ಪ್ರಾಚೀನ–ಮಧ್ಯಕಾಲೀನ ಚೀನೀ ನಿಘಂಟು ಪ್ಲೆಕೊದೊಳಗೇ ಹಣ ಕೊಟ್ಟರೆ ಸಿಗುತ್ತದೆ. ಈ ಇಡೀ ಏರ್ಪಾಟಿನಲ್ಲಿ ದುಡ್ಡು ಹಾಕಲೇಬೇಕಾದ ವಸ್ತು ಒಂದಿದ್ದರೆ ಅದು ಇದೇ. ನಕಲು ಮಾಡಿ ಅಂಟಿಸಲು ಮೂಲಪಾಠ ಬೇಕಾದಾಗ ‘ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್’ ತಾಣ ಅನುಕೂಲ, ಇಂಗ್ಲಿಷ್ ಮೆನು ಇದೆ. ಹುಡುಕುವಾಗ ಇಂಗ್ಲಿಷ್ ಶೀರ್ಷಿಕೆ ನಂಬಿ ಕೂರಬೇಡಿ, ಒಂದೇ ಕವಿತೆಗೆ ಅನುವಾದಕರು ತಲೆಗೊಂದು ಹೆಸರಿಟ್ಟಿದ್ದಾರೆ. ಚೀನೀ ಶೀರ್ಷಿಕೆಯೇ ಗಟ್ಟಿ ಗುರುತು.

ಪಿಡಿಎಫ್ ಓದುವ ಬಗ್ಗೆ ಒಂದು ಮಾತು. ಇದು ಎದುರುಬದಿರು ಪುಟದ ಪುಸ್ತಕ. ಫೋನಿನಲ್ಲಿ ಒಂದೊಂದೇ ಪುಟ ತೋರಿಸಿದರೆ ಮೂಲಕ್ಕೂ ಅನುವಾದಕ್ಕೂ ಓಡಾಡಿ ಬೆರಳು ಸವೆಯುತ್ತದೆ. ಟ್ಯಾಬ್ಲೆಟ್ ಅಡ್ಡ ಹಿಡಿದು ಎರಡು ಪುಟದ ನೋಟ ಇಡಿ. ಆಗ ಇಂಗ್ಲಿಷ್ ಎಡಕ್ಕೆ, ಮುಂದಿನ ಪುಟದ ಚೀನೀ ಬಲಕ್ಕೆ ಬಂದರೆ ಒಂದು ಪುಟ ಜಾರಿದೆ ಎಂದರ್ಥ. ಸೆಟ್ಟಿಂಗ್‌ನಲ್ಲಿ ಮುಖಪುಟವನ್ನು ಒಂಟಿಯಾಗಿ ತೋರಿಸುವ ಆಯ್ಕೆ ಒತ್ತಿದರೆ ಸರಿಹೋಗುತ್ತದೆ. ಡಿ ಗ್ರೂಯ್ಟರ್‌ನ ಇದೇ ಮಾಲೆಯಲ್ಲಿ ವಾಂಗ್ ವೇಯ್, ಹಾನ್‌ಶಾನ್, ಲಿ ಛಿಂಗ್‌ಝಾವ್ ಕವಿತೆಗಳೂ ಉಚಿತವಾಗಿವೆ.

ಆಧುನಿಕ ಕಾವ್ಯಕ್ಕೆ ಇಂಥ ಅನ್ನಛತ್ರವಿಲ್ಲ, ಹಕ್ಕುಸ್ವಾಮ್ಯದ ತೊಡಕು. ಮಿಶೆಲ್ ಯೇ ಸಂಪಾದಿಸಿದ ಯೇಲ್ ವಿಶ್ವವಿದ್ಯಾಲಯದ 1992ರ ಸಂಕಲನ ಹರವಿನಲ್ಲಿ ಚೆನ್ನ, ಮೂಲ ಜೊತೆಗಿಲ್ಲ. ಆಧುನಿಕ ಕವಿ ಬೇಯ್ ದಾವ್ ಕವಿತೆಗಳ ‘ದ ರೋಸ್ ಆಫ್ ಟೈಮ್’ (2010) ದ್ವಿಭಾಷೆಯದು, ಒಬ್ಬನದೇ. ಒಂದನ್ನೇ ಕೊಳ್ಳುವುದಾದರೆ ಎರಡನೆಯದು, ಏಕೆಂದರೆ ಎಡಪುಟವಿಲ್ಲದೆ ಹೊಸ ಕಾವ್ಯದ ಹೊಸತನ ಅಳೆಯುವುದು ಕಷ್ಟ.

ಹೊಸತನದ ಮೊದಲ ಪೆಟ್ಟು 1917ರದು. ‘ಹೊಸ ಯೌವನ’ ಪತ್ರಿಕೆಯ ಜನವರಿ ಸಂಚಿಕೆಯಲ್ಲಿ ಲೇಖಕ ಹು ಶಿ ಹೊಸ ಬರವಣಿಗೆಗೆ ಎಂಟು ಸೂತ್ರ ಹಾಕಿದ. ಹಳೆಯ ಕಥೆಗಳ ಪ್ರಸ್ತಾಪ ಬೇಡ, ಜೋಡಿಸಾಲು ಬೇಡ, ಆಡುಮಾತು ಬೇಕು ಎಂಬವು ಅದರಲ್ಲಿವೆ. 1920ರಲ್ಲಿ ಬಂದ ಅವನ ಸಂಕಲನದ ಹೆಸರೇ ‘ಪ್ರಯತ್ನಗಳು’, ಕವಿತೆಗಳೂ ಹೆಸರಿಗೆ ತಕ್ಕ ಹಾಗೇ ಇವೆ. ಆರೇ ವರ್ಷ, 1926ರಲ್ಲಿ ಕವಿ ವೆನ್ ಯಿದುವೊ ಕಟ್ಟು ಬೇಕೇಬೇಕು ಎಂದು ವಾಪಸು ಬಂದ. ಅವನ ‘ಸತ್ತ ನೀರು’ ಕವಿತೆಯಲ್ಲಿ ಇಪ್ಪತ್ತು ಸಾಲು, ಸಾಲಿಗೆ ಒಂಬತ್ತೇ ಅಕ್ಷರ. ಪ್ರತಿ ಸಾಲಿನಲ್ಲೂ ಎರಡಕ್ಷರದ ಮೂರು ಗಣ, ಮೂರಕ್ಷರದ ಒಂದು ಗಣ, ಆ ಮೂರರದ್ದು ಮಾತ್ರ ಜಾಗ ಬದಲಿಸುತ್ತ ಹೋಗುತ್ತದೆ. ಕೊಳೆತ ಚರಂಡಿಯ ಬಗ್ಗೆ ಇಷ್ಟು ಒಪ್ಪವಾಗಿ ಬರೆದದ್ದೇ ಅದರ ವ್ಯಂಗ್ಯ. ಇಂಗ್ಲಿಷ್ ಅನುವಾದ ಓದಿದರೆ ಚರಂಡಿ ಮಾತ್ರ ಕಾಣುತ್ತದೆ, ಒಪ್ಪ ಕಾಣುವುದಿಲ್ಲ.

ಬೇಯ್ ದಾವ್ ಗೆಳೆಯರೊಡನೆ 1978ರ ಡಿಸೆಂಬರಿನಲ್ಲಿ ‘ಇಂದು’ ಎಂಬ ಸ್ವಂತ ಪತ್ರಿಕೆ ಶುರು ಮಾಡಿದ. ಅರ್ಥವಾಗದ ಮಬ್ಬು ಕವಿತೆ ಎಂದು ವಿಮರ್ಶಕರು ಜರೆದರು, ಆ ಮಬ್ಬು ಎಂಬ ಮಾತೇ ಪಂಥದ ಹೆಸರಾಗಿ ನಿಂತಿತು. ಅವನ ‘ಉತ್ತರ’ ಕವಿತೆ ತೆರೆಯುವುದು ನೀಚತನ ಮತ್ತು ಘನತೆಯನ್ನು ಎದುರುಬದುರು ನಿಲ್ಲಿಸಿದ ಎರಡು ಸಾಲಿನಿಂದ. ಒಂದಕ್ಕೆ ರಹದಾರಿಪತ್ರ, ಇನ್ನೊಂದಕ್ಕೆ ಗೋರಿಬರಹ, ಸ್ಥಾನಕ್ಕೆ ಸ್ಥಾನ ಸರಿಸಾಟಿ. ಹು ಶಿ ಬೇಡವೆಂದ ಜೋಡಿಸಾಲು! ‘ಛುನ್ ವಾಂಗ್’ನಲ್ಲಿ ಬೆಟ್ಟ–ನದಿಗೆ ಹುಲ್ಲು–ಮರ ಎಣಿಸಿ ಬಂದವರಿಗೆ ಇದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಹಳೆಯದನ್ನು ಬಿಟ್ಟು ನೇರ ಹೊಸದಕ್ಕೆ ಬಂದವರು ಅದನ್ನು ಬರೀ ಘೋಷಣೆ ಎಂದು ಓದಿ ಮುಂದೆ ಹೋಗುತ್ತಾರೆ.

ಕನ್ನಡಕ್ಕೆ ತರಬೇಕೆನ್ನುವವರಿಗೆ ಒಂದು ಎಚ್ಚರ. ಓವೆನ್ ಸಂಪುಟಗಳು ಉಚಿತವಾದರೂ ಅವುಗಳ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ವಾಣಿಜ್ಯ ಬಳಕೆಗೂ ಮಾರ್ಪಾಟಿಗೂ ಅವಕಾಶ ಕೊಡುವುದಿಲ್ಲ. ಆತನ ಇಂಗ್ಲಿಷನ್ನು ಕನ್ನಡ ಮಾಡಿ ಪ್ರಕಟಿಸಲು ಅನುಮತಿ ಬೇಕು. ದು ಫುವಿನ ಮೂಲಕ್ಕೆ ಯಾರ ಅಪ್ಪಣೆಯೂ ಬೇಡ. ಪದಾರ್ಥ ನೋಡಿಕೊಂಡು ಮೂಲದಿಂದಲೇ ಮಾಡುವುದು ಕಾನೂನಿಗಷ್ಟೇ ಅಲ್ಲ, ಕವಿತೆಗೂ ಲಾಭ. ‘ಛುನ್ ವಾಂಗ್’ನ ಮೂರನೇ ಸಾಲಿನಲ್ಲಿ ಹೂ–ಚಿಮ್ಮು–ಕಣ್ಣೀರು, ನಾಲ್ಕನೆಯದರಲ್ಲಿ ಹಕ್ಕಿ–ಬೆಚ್ಚು–ಎದೆ. ಅಳುವುದು ಹೂವೋ, ಹೂ ಕಂಡ ಕವಿಯೋ ಎಂದು ಸಾವಿರ ವರ್ಷದಿಂದ ಜಗಳವಿದೆ. ಇಂಗ್ಲಿಷಿನಲ್ಲಿ ಯಾರಾದರೊಬ್ಬರನ್ನು ಆರಿಸಲೇಬೇಕು. ನಮ್ಮ ಚತುರ್ಥಿ ಆರಿಸುವುದಿಲ್ಲ: ‘ಹೂವಿಗೆ ಕಣ್ಣೀರು ಚಿಮ್ಮಿತು, ಹಕ್ಕಿಗೆ ಎದೆ ಬೆಚ್ಚಿತು.’